‘ಆಯ್ತು’ ಮತ್ತು ‘ಮಾಡಿದೆ’

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ಕೈಯಲ್ಲಿದ್ದ ಲೋಟ ಬಿದ್ದು ಚೂರಾದರೆ ‘ಲೋಟ ಒಡೆದೆ’ ಅಂತ ಯಾರೂ ಹೇಳೋದಿಲ್ಲ, ‘ಒಡೆದೋಯ್ತು’ ಅಂತೀವಿ. ಹಾಲು ಉಕ್ಕಿಹೋಯ್ತು, ಬಸ್ಸು ಮಿಸ್ಸಾಯ್ತು, ಸಂಬಳ ಹದಿನೈದನೇ ತಾರೀಕಿಗೇ ಖರ್ಚಾಗೋಯ್ತು. ಒಲೆ ಮುಂದೆ ಮೊಬೈಲ್ ನೋಡ್ತಾ ನಿಂತವರು, ಅಲಾರಂ ಆಫ್ ಮಾಡಿ ಮತ್ತೆ ಮಲಗಿದವರು, ಸೇಲ್ ಬಂತು ಅಂತ ಮೂರನೇ ಜೊತೆ ಶೂ ತಗೊಂಡವರು, ಎಲ್ಲರೂ ವಾಕ್ಯದಿಂದ ಮೆಲ್ಲಗೆ ಎದ್ದು ಹೊರಗೆ ಹೋಗಿರುತ್ತಾರೆ. ಉಳಿಯೋದು ‘ಆಯ್ತು’ ಒಂದೇ.

ಮನೆಯೊಳಗೆ ಇದರಿಂದ ದೊಡ್ಡ ನಷ್ಟ ಏನಿಲ್ಲ. ಯಾರು ಒಡೆದರು ಅಂತ ಅಮ್ಮನಿಗೆ ಹೇಗೂ ಗೊತ್ತಿರುತ್ತೆ. ಆದರೆ ನಾನು ಕೆಲಸ ಮಾಡುವ ಲೋಕದಲ್ಲಿ ಈ ‘ಆಯ್ತು’ ಮೇಲೆ ಒಂದು ಇಡೀ ತಂತ್ರವೇ ನಿಂತಿದೆ. ಇವೆಂಟ್-ಡ್ರಿವನ್ ಪ್ರೋಗ್ರಾಮಿಂಗ್ ಅಂತ ಅದರ ಹೆಸರು. ಏನಾದರೂ ಎಡವಟ್ಟಾದ ಮೇಲೆ ನಡೆಯುವ ಮೀಟಿಂಗಿನಲ್ಲಿ ಒಮ್ಮೆ ಕೂತು ಕೇಳಿ. ‘ಇವೆಂಟ್ ಫೈರ್ ಆಯ್ತು. ಹ್ಯಾಂಡ್ಲರ್ ರನ್ ಆಯ್ತು. ಡೇಟಾ ಆಚೆ ಹೋಯ್ತು.’ ಎಲ್ಲಾ ಆಯ್ತು, ಎಲ್ಲಾ ಹೋಯ್ತು. ಮಾಡಿದವರು ಮಾತ್ರ ಆ ಕೋಣೆಯಲ್ಲಿ ಯಾರೂ ಇಲ್ಲ.

ಈ ತಂತ್ರದ ಮೇಲೆ ನನಗೆ ಸಿಟ್ಟಿಲ್ಲ. ವೆಬ್ ಅಪ್ಲಿಕೇಶನ್‌ಗಳಿಗೆ ಪ್ಲಗಿನ್ ಬರೆಯೋದೇ ಹತ್ತು ವರ್ಷದಿಂದ ನನ್ನ ಅನ್ನ. ಆದರೆ ಬರೀತಾ ಬರೀತಾ ಒಂದು ಪ್ರಶ್ನೆ ಗಂಟುಬಿದ್ದಿದೆ. ತಾನಾಗಿ ಓಡದೆ, ಯಾವಾಗಲೋ ಏನೋ ಆದಾಗ ಮಾತ್ರ ಓಡುವ ಕೋಡನ್ನು ಬರೆದವನ ಹೊಣೆ ಎಷ್ಟು? ‘ಕರೆದ್ರು, ಬಂದೆ’ ಅಂತ ಅವನು ಕೈ ತೊಳೆದುಕೊಳ್ಳಬಹುದಾ?

ಕೋಡ್ ಬರೆಯದವರಿಗೂ ಅರ್ಥವಾಗಲಿ ಅಂತ ಸ್ವಲ್ಪ ವಿವರ ಹೇಳ್ತೀನಿ. ವರ್ಡ್‌ಪ್ರೆಸ್ಸನ್ನೇ ತಗೊಳ್ಳಿ. ಬ್ಲಾಗ್ ಬರೆಯೋಕೆ ಅಂತ 2003ರ ಮೇ ತಿಂಗಳಲ್ಲಿ ಮ್ಯಾಟ್ ಮಲೆನ್‌ವೆಗ್ ಮತ್ತು ಮೈಕ್ ಲಿಟಲ್ ಹೊರತಂದ ತಂತ್ರಾಂಶ ಅದು. ಇವತ್ತು ಜಗತ್ತಿನ ವೆಬ್‌ಸೈಟುಗಳಲ್ಲಿ ಶೇಕಡಾ 40ರಷ್ಟು ಅದರ ಮೇಲೇ ನಡೀತಿವೆ. ಅಷ್ಟು ಬೆಳೆಯೋಕೆ ಒಂದು ದೊಡ್ಡ ಕಾರಣ, 2004ರಲ್ಲಿ 1.2ನೇ ಆವೃತ್ತಿಯ ಜೊತೆ ಬಂದ ಪ್ಲಗಿನ್ ವ್ಯವಸ್ಥೆ. ಮೂಲ ತಂತ್ರಾಂಶವನ್ನು ಮುಟ್ಟದೆ, ಹೊರಗಿನಿಂದ ಯಾರು ಬೇಕಾದರೂ ಅದಕ್ಕೆ ಹೊಸ ಕೆಲಸ ಕಲಿಸಬಹುದು.

ಹೇಗೆ ಅಂದರೆ, ಶಾಲೆಯ ಗಂಟೆ ಇದ್ದ ಹಾಗೆ. ಜವಾನ ಗಂಟೆ ಹೊಡೀತಾನೆ. ಮಕ್ಕಳು ಊಟಕ್ಕೆ ಓಡ್ತಾರೆ, ಮೇಷ್ಟ್ರು ಕ್ಲಾಸು ಬದಲಾಯಿಸ್ತಾರೆ, ಗೇಟಿನ ಆಚೆ ಸೀಬೆಹಣ್ಣು ಮಾರೋಳು ಬುಟ್ಟಿ ಮೇಲಿನ ಬಟ್ಟೆ ತೆಗೀತಾಳೆ. ಜವಾನನಿಗೆ ಇವರ್ಯಾರ ಪಟ್ಟಿಯೂ ಬೇಕಿಲ್ಲ. ವರ್ಡ್‌ಪ್ರೆಸ್ ಕೂಡ ತನ್ನ ಕೆಲಸದ ನಡುನಡುವೆ ನೂರಾರು ಕಡೆ ಇಂಥ ಗಂಟೆ ಹೊಡೀತಾ ಹೋಗುತ್ತೆ. ‘ಪೋಸ್ಟ್ ಸೇವ್ ಆಯ್ತು’, ‘ಹೊಸಬರು ರಿಜಿಸ್ಟರ್ ಆದರು’, ‘ಪುಟ ತೋರಿಸೋಕೆ ಹೊರಟಿದೀನಿ’. ಈ ಜಾಗಗಳಿಗೆ ಹುಕ್ ಅಂತಾರೆ, ಕೊಕ್ಕೆ. ನನ್ನ ಪ್ಲಗಿನ್ ಹೋಗಿ ಆ ಕೊಕ್ಕೆಗೆ ತನ್ನ ಚೀಲ ನೇತುಹಾಕುತ್ತೆ. ‘ಈ ಗಂಟೆ ಹೊಡೆದಾಗ ನನ್ನನ್ನೂ ಎಬ್ಬಿಸು’ ಅನ್ನುವ ಒಂದು ಸಾಲು. ಆ್ಯಡ್ ಆ್ಯಕ್ಷನ್ ಅಂತ ಅದರ ಹೆಸರು. ಸರದಿ ಎಷ್ಟನೆಯದು ಅನ್ನೋಕೆ ಒಂದು ಸಂಖ್ಯೆ ಇರುತ್ತೆ. ನೀವೇನೂ ಹೇಳದಿದ್ದರೆ ಅದು 10. ಕಡಿಮೆ ಸಂಖ್ಯೆಯವರು ಮೊದಲು, ಹೆಚ್ಚಿನವರು ಆಮೇಲೆ.

ನನ್ನ ಪ್ರಶ್ನೆಗೆ ಮೊದಲ ಉತ್ತರ ಈ ಒಂದು ಸಾಲಿನಲ್ಲೇ ಸಿಗುತ್ತೆ. ‘ಕರೆದ್ರು, ಬಂದೆ’ ಅನ್ನೋದು ನಿಜ ಅಲ್ಲ. ಯಾರೂ ಕರೆದಿಲ್ಲ. ಗಂಟೆ ಹೊಡೆಯುವವನಿಗೆ ನಾನು ಇದ್ದೀನಿ ಅಂತಲೇ ಗೊತ್ತಿರಲಿಲ್ಲ. ಹುಡುಕಿಕೊಂಡು ಹೋಗಿ ಪಟ್ಟಿಯಲ್ಲಿ ಹೆಸರು ಬರೆಸಿಬಂದವನು ನಾನು. ಮದುವೆಮನೆಗೆ ಕರೆಯದೆ ಹೋಗಿ, ಪಂಕ್ತಿಯಲ್ಲಿ ಕೂತು, ಆಮೇಲೆ ‘ಎಲೆ ಹಾಕಿದ್ರು, ಉಂಡೆ’ ಅಂದ ಹಾಗಾಯಿತು. ಎಲೆ ಹಾಕಿದ್ದು ಅವರಿರಬಹುದು, ಹೋಗಿ ಕೂತವರು ಯಾರು? ಗಂಟೆ ಹೊಡೆದದ್ದು ‘ಆದ’ ಸಂಗತಿ. ಅದಕ್ಕೆ ಕಿವಿ ಕೊಟ್ಟು ಕೂತದ್ದು ನಾನು ‘ಮಾಡಿದ’ ಸಂಗತಿ. ಓಡಿದ್ದು ಆರು ತಿಂಗಳ ನಂತರ, ನಾನು ನಿದ್ದೆ ಮಾಡ್ತಿದ್ದಾಗಲೇ ಇರಬಹುದು. ಬೀಜ ಬಿತ್ತಿದವನು ಮೊಳಕೆ ಒಡೆಯುವ ದಿನ ಹೊಲದಲ್ಲಿ ಇರಲೇಬೇಕು ಅಂತೇನಿಲ್ಲವಲ್ಲ. ಹಾಗಂತ ಬಿತ್ತಿದವನು ಬೇರೆಯವನಾಗೋದಿಲ್ಲ.

ಹುಕ್‌ಗಳಲ್ಲಿ ಇನ್ನೊಂದು ಬಗೆ ಇದೆ, ಫಿಲ್ಟರ್ ಅಂತ. ಇದು ಬರೀ ಗಂಟೆ ಅಲ್ಲ, ನಿಮ್ಮ ಕೈಗೆ ಒಂದು ವಸ್ತು ಕೊಡುತ್ತೆ. ಉದಾಹರಣೆಗೆ, ಪುಟದಲ್ಲಿ ತೋರಿಸಬೇಕಾದ ಲೇಖನ. ಒಂದು ಪ್ಲಗಿನ್ ಅದನ್ನು ತಗೊಂಡು ಕೊನೆಗೆ ಶೇರ್ ಬಟನ್ ಸೇರಿಸುತ್ತೆ, ಮುಂದಿನವರಿಗೆ ಕೊಡುತ್ತೆ. ಅವರು ಕಾಗುಣಿತ ತಿದ್ದುತ್ತಾರೆ, ಅದರ ಮುಂದಿನವರಿಗೆ ಕೊಡ್ತಾರೆ. ನಿಯಮ ಒಂದೇ: ತಗೊಂಡದ್ದನ್ನು ವಾಪಸ್ ಕೊಡಬೇಕು. ಸರಪಳಿಯಲ್ಲಿ ಯಾರಾದರೂ ಒಬ್ಬರು ಆ ‘ರಿಟರ್ನ್’ ಬರೆಯದೆ ಬಿಟ್ಟರೆ, ಮುಂದಿನವರಿಗೆ ಹೋಗೋದು ಶೂನ್ಯ. ಓದುಗ ಪುಟ ತೆರೆದರೆ ತಲೆಬರಹ ಇರುತ್ತೆ, ಕೆಳಗೆ ಲೇಖನ ಇರೋದಿಲ್ಲ. ಬರೆದವರು ರಾತ್ರಿಯೆಲ್ಲಾ ಕೂತು ಬರೆದದ್ದು ನಡುದಾರಿಯಲ್ಲಿ ಯಾರ ಕೈಯಲ್ಲೋ ಉಳಿದುಹೋಗಿರುತ್ತೆ.

ಫಿಲ್ಟರ್ ಬಗ್ಗೆ ಮೊದಲ ಸಲ ಓದಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ತುಮಕೂರು ಕಡೆಯ ನಮ್ಮೂರಲ್ಲಿ ಕೆರೆ ತೂಬು ಎತ್ತಿದಾಗ ನಡೀತಿದ್ದದ್ದು ಇದೇ. ನೀರು ಕಾಲುವೆಗೆ ಬರುತ್ತೆ, ತೂಬಿನ ಹತ್ತಿರದ ಗದ್ದೆಗೆ ಮೊದಲು. ಅವರು ಬೇಕಾದಷ್ಟು ತಿರುಗಿಸಿಕೊಂಡು ಮುಂದೆ ಬಿಡಬೇಕು. ನಮ್ಮ ಗದ್ದೆ ಅಚ್ಚುಕಟ್ಟಿನ ತುದಿಯಲ್ಲಿತ್ತು. ಮೇಲಿನ ಯಾರೋ ಒಬ್ಬರು ನೀರು ತಿರುಗಿಸಿಕೊಂಡು ಮನೆಗೆ ಹೋಗಿ ಮಲಗಿಬಿಟ್ಟರೆ, ನಮ್ಮ ಪೈರು ಒಣಗುತ್ತಿತ್ತು. ಅಪ್ಪ ರಾತ್ರಿ ಸನಿಕೆ, ಟಾರ್ಚು ಹಿಡಿದು ಕಾಲುವೆಗುಂಟ ಮೇಲಕ್ಕೆ ನಡೀತಿದ್ದರು, ಎಲ್ಲಿ ನಿಂತಿದೆ ಅಂತ ನೋಡೋಕೆ. ಇವತ್ತು ನಾನು ಬೇರೆಯವರ ಪ್ಲಗಿನ್‌ಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಲೇಖನ ಎಲ್ಲಿ ಮಾಯವಾಯಿತು ಅಂತ ಹುಡುಕುವಾಗ ಮಾಡೋದು ಅದೇ ಕೆಲಸ, ಟಾರ್ಚು ಬೇಕಾಗಲ್ಲ ಅಷ್ಟೆ.

ಊರಲ್ಲಿ ಮೇಲಿನ ಗದ್ದೆಯವರು ‘ತುದೀಲಿ ಯಾರಿದಾರೆ ಅಂತ ನಂಗೇನು ಗೊತ್ತು’ ಅನ್ನೋ ಹಾಗಿರಲಿಲ್ಲ. ಗೊತ್ತಿತ್ತು. ಪ್ಲಗಿನ್ ಬರೆಯುವ ನನಗೆ ನಿಜವಾಗಲೂ ಗೊತ್ತಿರೋದಿಲ್ಲ. ನನ್ನ ನಂತರ ಯಾರಿದ್ದಾರೆ, ಎಷ್ಟು ಜನ ಇದ್ದಾರೆ, ಅವರು ಏನು ನಿರೀಕ್ಷೆ ಮಾಡ್ತಿದ್ದಾರೆ, ಒಂದೂ ಕಾಣಿಸೋದಿಲ್ಲ. ನನ್ನ ಎಷ್ಟೋ ಸಹೋದ್ಯೋಗಿಗಳು ಇದನ್ನು ವಿನಾಯಿತಿ ಅಂತ ತಿಳಿದಿದ್ದಾರೆ. ಕಾಣದವರಿಗೆ ನಾನು ಹೇಗೆ ಹೊಣೆ ಅಂತ. ನನಗೆ ಅನ್ನಿಸೋದು ಉಲ್ಟಾ. ತುದಿಯಲ್ಲಿ ಯಾರಿದ್ದಾರೆ ಅಂತ ಗೊತ್ತಿದ್ದರೆ, ಅವರಿಗೆ ಇಷ್ಟು ಸಾಕು ಅಂತ ಅಳೆದು ಬಿಡಬಹುದು. ಗೊತ್ತಿಲ್ಲದಿದ್ದಾಗ, ಯಾರಾದರೂ ಇದ್ದೇ ಇದ್ದಾರೆ ಅಂದುಕೊಂಡು ಬಿಡಬೇಕು. ಕಾಣದೇ ಇರೋದು ಹೊಣೆಯನ್ನು ಕಡಿಮೆ ಮಾಡೋದಿಲ್ಲ, ಅಂದಾಜಿನ ಮೇಲೆ ನಡೆಯೋಕೆ ಇದ್ದ ಅವಕಾಶವನ್ನು ಕಿತ್ತುಕೊಳ್ಳುತ್ತೆ.

ಇಲ್ಲಿವರೆಗಿನದು ಒಳ್ಳೆಯ ಕಸುಬಿನ ಮಾತು ಅಂತ ನೀವು ಹೇಳಬಹುದು, ಇದರಲ್ಲಿ ನೀತಿ ಎಲ್ಲಿ ಬಂತು? ಬಂದದ್ದು ಹೀಗೆ.

ಕೆಲವು ವರ್ಷದ ಹಿಂದೆ ನಮ್ಮ ಟೀಮಿಗೆ ಒಂದು ಕೆಲಸ ಬಂತು. ಪರ್ಸನಲ್ ಲೋನ್ ಕೊಡಿಸುವ ಒಂದು ವೆಬ್‌ಸೈಟ್. ಅದರಲ್ಲೊಂದು ಫಾರ್ಮ್: ಹೆಸರು, ಮೊಬೈಲ್ ನಂಬರ್, ಸಂಬಳ, ಎಷ್ಟು ಸಾಲ ಬೇಕು. ಕೆಳಗೆ ಸಬ್ಮಿಟ್ ಬಟನ್. ತುಂಬಾ ಜನ ನಂಬರ್ ಬರೆದು, ಸಂಬಳದ ಖಾನೆವರೆಗೆ ಬಂದು, ಬಟನ್ ಒತ್ತದೆ ಹೊರಟುಹೋಗ್ತಿದ್ದರು. ಗ್ರಾಹಕ ಸಂಸ್ಥೆ ಕೇಳಿದ್ದು ಏನಂದರೆ, ನಂಬರಿನ ಹತ್ತು ಅಂಕಿ ಮುಗಿದ ಕ್ಷಣವೇ ಅದು ಅವರ ಕಾಲಿಂಗ್ ಟೀಮಿಗೆ ಹೋಗಬೇಕು. ಬಟನ್ ಒತ್ತಲಿ, ಬಿಡಲಿ.

ತಾಂತ್ರಿಕವಾಗಿ ಇದು ಹತ್ತು ನಿಮಿಷದ ಕೆಲಸ. ಬ್ರೌಸರ್ ಕೂಡ ವರ್ಡ್‌ಪ್ರೆಸ್ ಥರಾನೇ ಗಂಟೆ ಹೊಡೀತಾನೇ ಇರುತ್ತೆ. ನೀವು ಒಂದೊಂದು ಅಕ್ಷರ ಒತ್ತಿದಾಗಲೂ ‘ಇನ್‌ಪುಟ್’ ಅಂತ ಒಂದು ಇವೆಂಟ್. ಒಂದು ಖಾನೆಯಿಂದ ಇನ್ನೊಂದಕ್ಕೆ ಹೋದಾಗ ‘ಬ್ಲರ್’ ಅಂತ ಇನ್ನೊಂದು. ಪುಟದಲ್ಲಿ ಜಾಗ ಸಿಕ್ಕ ಯಾವ ಸ್ಕ್ರಿಪ್ಟ್ ಬೇಕಾದರೂ ಅದಕ್ಕೆ ಕಿವಿ ಕೊಡಬಹುದು. ಕಿವಿ ಕೊಡುವ ಈ ತುಂಡಿಗೆ ಲಿಸನರ್ ಅಂತಲೇ ಹೆಸರು, ಕೇಳಿಸಿಕೊಳ್ಳುವವನು. ಎಷ್ಟು ಮರ್ಯಾದಸ್ಥ ಪದ ನೋಡಿ! ಕೇಳಿಸಿಕೊಳ್ಳೋದಕ್ಕೂ ಕದ್ದು ಕೇಳೋದಕ್ಕೂ ಕನ್ನಡದಲ್ಲಿ ವ್ಯತ್ಯಾಸ ಇದೆ, ಕೋಡಿನಲ್ಲಿ ಇಲ್ಲ. ಎರಡಕ್ಕೂ ಒಂದೇ ಸಾಲು.

ನಾನು ಆ ಫಾರ್ಮ್ ನೋಡ್ತಾ ಕೂತಾಗ ನೆನಪಾದದ್ದು ಅಪ್ಪ. ಒಂದು ವರ್ಷ ಮಳೆ ಕೈಕೊಟ್ಟಾಗ ಅವರು ಸಾಹುಕಾರರ ಮನೆ ಗೇಟಿನವರೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗದೆ ವಾಪಸ್ ಬಂದಿದ್ದರು. ಆಮೇಲೆ ಎಮ್ಮೆ ಮಾರಿದರು. ವಾಪಸ್ ಬಂದದ್ದು ಸರಿಯೋ, ಎಮ್ಮೆ ಮಾರಿದ್ದು ಸರಿಯೋ, ಆ ಲೆಕ್ಕ ಬೇರೆ. ಆದರೆ ಗೇಟಿನಿಂದ ತಿರುಗಿ ಬರುವ ಸ್ವಾತಂತ್ರ್ಯ ಅವರಿಗಿತ್ತು. ಬಡ್ಡಿ ವಿಷಯದಲ್ಲಿ ಕರುಣೆ ಇಲ್ಲದ ಸಾಹುಕಾರ ಕೂಡ, ಗೇಟಿನ ಹತ್ತಿರ ನಿಂತು ಹೋದವನ ಹಿಂದೆ ಆಳು ಕಳಿಸಿ ‘ನಿನ್ನೆ ಬಂದಿದ್ದೆಯಂತೆ’ ಅಂತ ಕೇಳಿಸಲಿಲ್ಲ.

ಒತ್ತದೇ ಬಿಟ್ಟ ಸಬ್ಮಿಟ್ ಬಟನ್ ಅಂದರೆ ಗೇಟಿನಿಂದ ತಿರುಗಿದ ಮನುಷ್ಯ. ರಾತ್ರಿ ಹನ್ನೊಂದು ಗಂಟೆಗೆ ಮಗಳ ಫೀಸಿಗೆ ಅಂತ ಒಬ್ಬಾಕೆ ಫಾರ್ಮ್ ತೆರೀತಾಳೆ, ನಂಬರ್ ಬರೀತಾಳೆ, ಸಂಬಳ ಬರೆಯುವಾಗ ಕೈ ನಿಲ್ಲುತ್ತೆ. ‘ಬೇಡ, ನಾಳೆ ಅಣ್ಣನ್ನ ಕೇಳಿ ನೋಡ್ತೀನಿ’ ಅಂತ ಮುಚ್ಚಿ ಮಲಗ್ತಾಳೆ. ಅವಳ ಪ್ರಕಾರ ಏನೂ ಆಗಿಲ್ಲ. ಅವಳು ಏನೂ ಮಾಡಿಲ್ಲ. ಬ್ರೌಸರ್ ಪ್ರಕಾರ ಹತ್ತು ಇವೆಂಟ್ ಆಗಿವೆ. ಬೆಳಿಗ್ಗೆ ಆಫೀಸಲ್ಲಿ, ಪಕ್ಕದ ಸೀಟಿನವರು ಕೇಳಿಸಿಕೊಳ್ಳುವ ಹಾಗೆ, ಫೋನ್ ಬರುತ್ತೆ: ‘ಮೇಡಂ, ಸಾಲಕ್ಕೆ ಅಪ್ಲೈ ಮಾಡಿದ್ರಲ್ಲಾ?’

ಇವೆಂಟ್ ಆದದ್ದು ನಿಜ. ಆದರೆ ಆದ ಪ್ರತಿಯೊಂದೂ ಹೇಳಿದ ಮಾತಲ್ಲ. ಮನುಷ್ಯ ಯೋಚನೆ ಮಾಡುವಾಗ ಕೈ ಅಲ್ಲಾಡುತ್ತೆ, ಬರೀತಾನೆ, ಅಳಿಸ್ತಾನೆ, ಮತ್ತೆ ಬರೀತಾನೆ. ಸಬ್ಮಿಟ್ ಬಟನ್ ಅನ್ನೋದು ‘ಇಗೋ, ಈಗ ಹೇಳ್ತಿದೀನಿ’ ಅನ್ನುವ ಗೆರೆ. ಅದರ ಹಿಂದಿನದೆಲ್ಲ ಅವಳ ಮನಸ್ಸಿನ ಒಳಕೋಣೆ. ಗಂಟೆ ಎಲ್ಲಿ ಕೇಳಿಸಿದರೂ ಎದ್ದು ಓಡುವವನಿಗೆ ಈ ಗೆರೆ ಕಾಣೋದಿಲ್ಲ.

ಇದು ಒಂದು ಕಂಪನಿಯ ಆಸೆಬುರುಕತನ ಮಾತ್ರ ಅಲ್ಲ. 2022ರ ಯೂಸೆನಿಕ್ಸ್ ಸೆಕ್ಯುರಿಟಿ ಸಮ್ಮೇಳನದಲ್ಲಿ ಯುರೋಪಿನ ಸಂಶೋಧಕರು ಒಂದು ಅಧ್ಯಯನ ಮಂಡಿಸಿದರು. ಜನ ಹೆಚ್ಚು ನೋಡುವ 1,00,000 ವೆಬ್‌ಸೈಟುಗಳನ್ನು ಯಂತ್ರದ ಮೂಲಕ ತೆರೆದು, ಫಾರ್ಮಿನಲ್ಲಿ ಇಮೇಲ್ ಬರೆದು, ಸಬ್ಮಿಟ್ ಒತ್ತದೆ ಬಿಟ್ಟು ನೋಡಿದರು. ಯುರೋಪಿನಿಂದ ತೆರೆದಾಗ 1,844 ಸೈಟುಗಳಲ್ಲಿ, ಅಮೆರಿಕದಿಂದ ತೆರೆದಾಗ 2,950 ಸೈಟುಗಳಲ್ಲಿ, ಆ ಇಮೇಲ್ ವಿಳಾಸ ಆಗಲೇ ಟ್ರ್ಯಾಕಿಂಗ್, ಮಾರ್ಕೆಟಿಂಗ್ ಕಂಪನಿಗಳಿಗೆ ತಲುಪಿತ್ತು. 52 ಸೈಟುಗಳಲ್ಲಿ ಪಾಸ್‌ವರ್ಡ್ ಕೂಡ ಮೂರನೆಯವರ ಸ್ಕ್ರಿಪ್ಟಿಗೆ ಸಿಕ್ಕಿತ್ತು. ಈ 52ರದ್ದು ಯಾರೂ ಬೇಕಂತ ಮಾಡಿದ್ದಲ್ಲ. ಸಂಶೋಧಕರು ತಿಳಿಸಿದ ಮೇಲೆ ಸರಿಪಡಿಸಿದರು. ಕಿವಿ ಅಗಲವಾಗಿ ತೆರೆದಿಟ್ಟಿದ್ದರು, ಪಾಸ್‌ವರ್ಡೂ ಒಳಗೆ ಬಂತು. ಕೇಳಿದರೆ ಅಲ್ಲೂ ಬರೋ ಪದ ಅದೇ, ‘ಆಗೋಯ್ತು’.

ನಮ್ಮಲ್ಲಿ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಪಾಸು ಮಾಡಿತು. ಒಪ್ಪಿಗೆ ಅಂದರೆ ಏನು ಅಂತ ಅದು ಹೇಳುವ ಲಕ್ಷಣಗಳಲ್ಲಿ ಒಂದು ನನಗೆ ಮುಖ್ಯ ಅನ್ನಿಸುತ್ತೆ. ಒಪ್ಪಿಗೆ ಒಂದು ಸ್ಪಷ್ಟವಾದ ಕ್ರಿಯೆಯಾಗಿರಬೇಕು. ಅಂದರೆ ಬಳಸುವವರು ಏನನ್ನೋ ‘ಮಾಡಬೇಕು’, ಅವರಿಗೆ ಏನೋ ‘ಆದರೆ’ ಸಾಲದು. ನಾವು ಇಂಜಿನಿಯರುಗಳು ಬಳಕೆದಾರರಿಂದ ಮಾತ್ರ ‘ಮಾಡಿದೆ’ ಕೇಳ್ತೀವಿ, ಟಿಕ್ ಹಾಕಿ, ಓಕೆ ಒತ್ತಿ, ಒಪ್ಪಿದ್ದೀನಿ ಅನ್ನಿ ಅಂತ. ನಮ್ಮ ಸರದಿ ಬಂದಾಗ ‘ಆಯ್ತು’ ಸಾಕು ಅಂತೀವಿ.

ನಾನು ಆ ಸಾಲು ಬರೆಯಲ್ಲ ಅಂದೆ. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ನಕ್ಕ. ‘ಗುರು, ನಾವೇನು ಕಳ್ತನ ಮಾಡ್ತಿದೀವಾ? ಬ್ರೌಸರೇ ಇವೆಂಟ್ ಕೊಡುತ್ತೆ, ನಾವು ತಗೋತೀವಿ. ನೀನು ಬರೀದಿದ್ರೆ ಇನ್ನೊಬ್ಬ ಬರೀತಾನೆ, ಅಷ್ಟೇ ತಾನೆ.’ ಅವನು ಕೆಟ್ಟವನಲ್ಲ. ಎರಡು ಮಕ್ಕಳು, ಫ್ಲ್ಯಾಟಿನ ಇಎಂಐ, ಊರಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ಅಮ್ಮ. ಅವನ ಮಾತನ್ನು ತಳ್ಳಿಹಾಕೋಕೆ ನನಗೆ ಸುಲಭವಾಗಲಿಲ್ಲ, ಇವತ್ತಿಗೂ ಆಗೋದಿಲ್ಲ.

ಇನ್ನೊಬ್ಬ ಬರೀತಾನೆ ಅನ್ನೋದು ನಿಜ. ಬರೆದರು ಕೂಡ. ಮೂರು ವಾರ ಮಾತುಕತೆ ನಡೆದು, ನಾವು ಮಾಡುತ್ತಿದ್ದ ಫಾರ್ಮಿನಲ್ಲಿ ನಂಬರಿನ ಪಕ್ಕ ‘ಈ ನಂಬರಿಗೆ ಫೋನ್ ಮಾಡಬಹುದು’ ಅಂತ ಒಂದು ಟಿಕ್ ಬಂತು, ಟಿಕ್ ಹಾಕಿದರೆ ಮಾತ್ರ ನಂಬರ್ ಆಚೆ ಹೋಗುತ್ತೆ. ಅದೇ ಸಂಸ್ಥೆಯ ಇನ್ನೊಂದು ಫಾರ್ಮಿನ ಕೆಲಸ ಬೇರೆ ಕಂಪನಿಗೆ ಹೋಯಿತು, ಅವರು ಕೇಳಿದ ಹಾಗೇ ಮಾಡಿಕೊಟ್ಟರು. ಲೆಕ್ಕಕ್ಕೆ ನೋಡಿದರೆ ಅರ್ಧ ಗೆಲುವು, ಅಥವಾ ಅರ್ಧ ಸೋಲು.

ಆದರೆ ಗೆಳೆಯನ ವಾದದಲ್ಲಿ ಒಂದು ಜಾಗ ಸಡಿಲ ಇದೆ. ‘ಇನ್ನೊಬ್ಬ ಬರೀತಾನೆ’ ಅನ್ನುವಾಗ, ಆ ಸಾಲು ಹೇಗೂ ಆಗಿಯೇ ಆಗುವ ಸಂಗತಿ, ಮಳೆ ಇದ್ದ ಹಾಗೆ, ಯಾರ ಕೈಯಿಂದ ಅನ್ನೋದು ಬರೀ ವಿವರ ಅಂತ ಅವನು ಅಂದುಕೊಂಡಿದ್ದಾನೆ. ಸಾಲು ಮಳೆ ಅಲ್ಲ. ಅದನ್ನು ಯಾರೋ ಒಬ್ಬರು ಕೂತು ಟೈಪ್ ಮಾಡಬೇಕು. ಆ ಇನ್ನೊಬ್ಬನೂ ‘ನಾನಲ್ಲದಿದ್ದರೆ ಮತ್ತೊಬ್ಬ’ ಅಂತಲೇ ಬರೆದಿರುತ್ತಾನೆ. ಎಲ್ಲರೂ ತಮ್ಮ ಪಕ್ಕದವನನ್ನು ತೋರಿಸುವ ಈ ಸಾಲಿನಲ್ಲಿ ಕೊನೆಗೆ ಯಾರೂ ಸಿಗೋದಿಲ್ಲ. ನಾನು ಬರೆಯದೇ ಇದ್ದದ್ದರಿಂದ ಲೋಕ ಸರಿಹೋಗಲಿಲ್ಲ. ಒಂದು ಫಾರ್ಮಿನ ಮುಂದೆ ನಿಂತವರಿಗೆ ತಿರುಗಿ ಹೋಗುವ ದಾರಿ ಉಳಿಯಿತು. ಅಪ್ಪನಿಗೆ ಬೇಕಾಗಿದ್ದದ್ದೂ ಒಂದೇ ಗೇಟು.

ಈಗ ಇನ್ನೊಂದು ಮುಖವನ್ನೂ ನೋಡಬೇಕು. ಇಷ್ಟು ಓದಿದವರು, ಓ ಇವನು ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿದ್ದರು, ಅದೇ ಚೆನ್ನಾಗಿತ್ತು ಅಂತ ಹೇಳೋಕೆ ಹೊರಟಿದ್ದಾನೆ ಅಂದುಕೊಂಡಿರಬಹುದು. ಇಲ್ಲ. ಗಂಟೆ ಹೊಡೆಯುವವನಿಗೆ ಕೇಳುವವರು ಯಾರು ಅಂತ ಗೊತ್ತಿಲ್ಲದ ಈ ಸ್ಥಿತಿಗೆ ನಮ್ಮಲ್ಲಿ ಲೂಸ್ ಕಪ್ಲಿಂಗ್ ಅಂತಾರೆ, ಸಡಿಲ ಕಟ್ಟು. ಪಠ್ಯಪುಸ್ತಕಗಳು ಅದನ್ನು ಹೊಗಳುತ್ತವೆ, ಸರಿಯಾಗಿಯೇ ಹೊಗಳುತ್ತವೆ. ಬಿಗಿ ಕಟ್ಟು ಹೇಗಿರುತ್ತೆ ಅಂತ ನಾನು ನೋಡಿದ್ದೀನಿ. ನಮ್ಮೂರಲ್ಲಿ ತೂಬು ಎತ್ತುವ ನೀರುಗಂಟಿಯ ಕೆಲಸ, ಕೊನೆ ಗದ್ದೆಗೆ ನೀರು ಮುಟ್ಟಿತಾ ಅಂತ ನೋಡಿ ಬಂದ ಮೇಲೇ ಮುಗೀತಿದ್ದದ್ದು. ಊರಿನ ಅಷ್ಟೂ ಪೈರು ಅವನ ಕೈಯಲ್ಲಿತ್ತು. ಅವನಿಗೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಸುಗ್ಗಿಯಲ್ಲಿ ಕೊಟ್ಟಷ್ಟು ಕಾಳು ತಗೊಂಡು ಹೋಗಬೇಕಿತ್ತು, ನಮ್ಮ ಮನೆಯಲ್ಲೂ ಅವನು ಜಗಲಿ ದಾಟಿ ಒಳಗೆ ಬರುವ ಹಾಗಿರಲಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿದ್ದರು ಅಂದರೆ, ಯಾರು ಎಲ್ಲಿ ನಿಲ್ಲಬೇಕು ಅನ್ನೋದೂ ಎಲ್ಲರಿಗೂ ಗೊತ್ತಿತ್ತು ಅಂತ.

ವರ್ಡ್‌ಪ್ರೆಸ್ಸಿನ ಹುಕ್ ನೀನು ಯಾರ ಮಗ ಅಂತ ಕೇಳೋದಿಲ್ಲ. ಅಧಿಕೃತ ಡೈರೆಕ್ಟರಿಯಲ್ಲೇ 50,000ಕ್ಕೂ ಹೆಚ್ಚು ಉಚಿತ ಪ್ಲಗಿನ್‌ಗಳಿವೆ. ಬರೆದವರಲ್ಲಿ ದೊಡ್ಡ ಕಂಪನಿಗಳೂ ಇವೆ, ಕಾಲೇಜು ಹುಡುಗರೂ ಇದ್ದಾರೆ. ಸರದಿಯಲ್ಲಿ ಎಲ್ಲರಿಗೂ ಅದೇ 10. ಬೆಂಗಳೂರಿಗೆ ಬಂದು ಪಕ್ಕದ ಮನೆಯವರಿಗೆ ನನ್ನ ಹೆಸರು ಗೊತ್ತಿಲ್ಲದೆ ಮೊದಲ ವರ್ಷ ಕಳೆದಾಗ ನನಗೆ ಸಿಕ್ಕ ಉಸಿರಾಟ ನಿಮ್ಮಲ್ಲೂ ಎಷ್ಟೋ ಜನರಿಗೆ ಸಿಕ್ಕಿರುತ್ತೆ. ಸಡಿಲ ಕಟ್ಟು ನಮಗೆ ಬಿಡುಗಡೆ ಕೊಟ್ಟಿದೆ. ಅದನ್ನು ಬಿಟ್ಟುಕೊಡೋಕೆ ನಾನು ತಯಾರಿಲ್ಲ.

ಅದಕ್ಕೇ ಈ ಬಿಡುಗಡೆಯ ಬೆಲೆ ಯಾರು ಕೊಡ್ತಿದ್ದಾರೆ ಅಂತ ನೋಡೋದು ನಮ್ಮ ಕೆಲಸ. 2017ರಲ್ಲಿ ‘ಡಿಸ್‌ಪ್ಲೇ ವಿಜೆಟ್ಸ್’ ಅನ್ನುವ ಒಂದು ವರ್ಡ್‌ಪ್ರೆಸ್ ಪ್ಲಗಿನ್ ಕೈ ಬದಲಾಯಿತು. ಸುಮಾರು 2,00,000 ಸೈಟುಗಳಲ್ಲಿ ಕೂತಿದ್ದ, ಜನ ನಂಬಿದ್ದ ಪ್ಲಗಿನ್ ಅದು. ಕೊಂಡುಕೊಂಡವರು ಅಪ್‌ಡೇಟಿನಲ್ಲಿ ಹಿಂಬಾಗಿಲಿನ ಕೋಡ್ ಸೇರಿಸಿದರು. ಸೈಟುಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದ ಸ್ಪ್ಯಾಮ್ ಪುಟಗಳು ಕಾಣಿಸಿಕೊಂಡವು. ಲಾಗಿನ್ ಆದವರಿಗೆ ಅವು ಕಾಣುತ್ತಿರಲಿಲ್ಲ, ಹೊರಗಿನವರಿಗೆ ಮಾತ್ರ. ಡೈರೆಕ್ಟರಿಯಿಂದ ಅದನ್ನು ಒಂದಕ್ಕಿಂತ ಹೆಚ್ಚು ಸಲ ತೆಗೆದು, ಕೊನೆಗೆ ಪೂರ್ತಿ ತೆಗೆದುಹಾಕಿದರು. ಗಂಟೆ ಮೊದಲಿನ ಹಾಗೇ ಹೊಡೀತಿತ್ತು, ಬಂದವನು ಬೇರೆಯವನಾಗಿದ್ದ. ಸಡಿಲ ಕಟ್ಟಿನಲ್ಲಿ ಅದು ಗೊತ್ತಾಗುವ ದಾರಿ ಇರಲಿಲ್ಲ. ಪ್ಲಗಿನ್ ಮಾರೋದು ತಪ್ಪಲ್ಲ. ಆದರೆ ಮಾರಿದ್ದು ಕೋಡನ್ನು ಮಾತ್ರವಲ್ಲ, ಎರಡು ಲಕ್ಷ ಮನೆಗಳ ಪಟ್ಟಿಯಲ್ಲಿ ಬರೆಸಿದ್ದ ಹೆಸರನ್ನು.

ಹಾಗಾದರೆ ಹಳ್ಳಿಯ ಬಿಗಿಯೂ ಬೇಡ, ಈ ಅನಾಥ ಸಡಿಲವೂ ಬೇಡ ಅಂದರೆ ಮಧ್ಯೆ ಏನಿದೆ? ನನಗೆ ಸಿಕ್ಕ ಉತ್ತರ ಯಾವ ತತ್ವಶಾಸ್ತ್ರದ್ದೂ ಅಲ್ಲ, ಕಸುಬಿನೊಳಗೇ ಇರೋದು. ಹೊಸಬರಿಗೆ ನಾನು ಪ್ಲಗಿನ್ ಕಲಿಸುವಾಗ ಮೂರು ಅಭ್ಯಾಸ ಹೇಳ್ತೀನಿ.

ಒಂದು, ಕಿವಿ ಎಷ್ಟು ಬೇಕೋ ಅಷ್ಟೇ ತೆರೀರಿ. ‘ಸಬ್ಮಿಟ್’ ಸಾಕಾದ ಕಡೆ ‘ಇನ್‌ಪುಟ್’ ಯಾಕೆ? ಒಂದು ಪುಟಕ್ಕೆ ಬೇಕಾದದ್ದನ್ನು ಇಡೀ ಸೈಟಿಗೆ ಯಾಕೆ ನೇತುಹಾಕ್ತೀರಿ? ಎರಡು, ಹೊರಡುವಾಗ ಗುಡಿಸಿ ಹೋಗಿ. ಪ್ಲಗಿನ್ ತೆಗೆದರೂ ಅದು ಟೈಮರ್ ಇಟ್ಟು ಬರೆಸಿದ್ದ ಕೆಲಸಗಳು ವರ್ಡ್‌ಪ್ರೆಸ್ಸಿನ ಪಟ್ಟಿಯಲ್ಲಿ ಹಾಗೇ ಉಳಿಯಬಹುದು, ಅದು ಕೂಡಿಟ್ಟ ಜನರ ಮಾಹಿತಿ ಡೇಟಾಬೇಸಿನಲ್ಲಿ ಹಾಗೇ ಬಿದ್ದಿರಬಹುದು. ಅವನ್ನೆಲ್ಲ ಅಳಿಸೋದಕ್ಕೆ ಅಂತಲೇ ಜಾಗ ಕೊಟ್ಟಿದ್ದಾರೆ. ಮನೆ ಖಾಲಿ ಮಾಡುವವರು ಬೀಗದಕೈ ವಾಪಸ್ ಕೊಡುವ ಹಾಗೆ, ಅದನ್ನು ಬಳಸಿ.

ಮೂರನೆಯದು ಸಣ್ಣದು, ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹುಕ್‌ಗೆ ನೇತುಹಾಕುವ ತುಂಡಿಗೆ ಹೆಸರು ಕೊಡಬಹುದು, ಕೊಡದೆಯೂ ಇರಬಹುದು. ಹೆಸರಿಲ್ಲದ ತುಂಡಿಗೆ ಅನಾನಿಮಸ್ ಫಂಕ್ಷನ್ ಅಂತಾರೆ. ಬರೆಯೋಕೆ ಬೇಗ, ನೋಡೋಕೆ ಚಂದ. ಆದರೆ ಆ ಸೈಟಿನ ಮಾಲೀಕ ನಾಳೆ ‘ಈ ಒಂದು ಕೆಲಸ ನನಗೆ ಬೇಡ’ ಅಂತ ಅದನ್ನು ಕೊಕ್ಕೆಯಿಂದ ಇಳಿಸೋಕೆ ಹೋದರೆ, ಸಲೀಸಾಗಿ ಇಳಿಸೋಕಾಗಲ್ಲ. ರಿಮೂವ್ ಆ್ಯಕ್ಷನ್ ಅಂತ ಸಾಲು ಇದೆ, ಅದು ಯಾರನ್ನು ಇಳಿಸಬೇಕು ಅಂತ ಕೇಳುತ್ತೆ. ಹೇಳೋಕೆ ಹೆಸರಿರೋದಿಲ್ಲ. ಹೆಸರಿದ್ದವನನ್ನು ಮಾತ್ರ ‘ನೀನು ಹೊರಡು’ ಅನ್ನಬಹುದು.

ಅದಕ್ಕೇ ನನ್ನ ಟೀಮಿನಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೀವಿ. ಬೇರೆಯವರ ಮನೆಯ ಕೊಕ್ಕೆಗೆ ಹೆಸರಿಲ್ಲದ ಚೀಲ ನೇತುಹಾಕೋ ಹಾಗಿಲ್ಲ. ಹೋದ ತಿಂಗಳು ಸೇರಿದ ಹುಡುಗಿಯೊಬ್ಬಳು ಕೇಳಿದಳು, ‘ಯಾರೂ ನೋಡೋದೇ ಇಲ್ವಲ್ಲಾ, ಹೆಸರು ಯಾಕೆ ಬೇಕು?’ ತೆಗೆದುಹಾಕೋಕೆ ಅನುಕೂಲ ಆಗಲಿ ಅಂತ, ಅಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಸ್ಕ್ರೀನಿಗೆ ತಿರುಗಿ, ಹೆಸರು ಬರೆದಳು.